ಮುಂಗಡ ಕೊಟ್ಟು ಕಾದೆವು
(ತೋಟ ಕಾರ್ಮಿಕರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಮೈಸೂರು ಸೀಮೆಯಿಂದ ಎಷ್ಟೋ ಜನ ಹಿರಿಯರು ವೈನಾಡು, ನೀಲಗಿರಿಯ ತೋಟಗಳಿಗೆ ಬಂದದ್ದು ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು. ಮುಂಗಡ ತೀರುವ ಮೊದಲು ಕೆಲಸ ಬಿಟ್ಟವರನ್ನು 1859ರ ಕಾನೂನಿನಂತೆ ಜೈಲಿಗೆ ಕಳುಹಿಸಬಹುದಾಗಿತ್ತು. ಆ ಕಾನೂನನ್ನು ತೆಗೆದುಹಾಕಿದ್ದು 1925ರಲ್ಲಿ. ಅಂದು ಮೇಸ್ತ್ರಿ ಹಣ ಕೊಟ್ಟು ನಮ್ಮವರನ್ನು ಕಟ್ಟಿಹಾಕುತ್ತಿದ್ದ. ಇಂದು ನಾವೇ ಏಜೆಂಟನಿಗೆ ಹಣ ಕೊಟ್ಟು ಕಟ್ಟುಬೀಳುತ್ತಿದ್ದೇವೆ.

ಇದು ನಮ್ಮ ಮನೆಯಲ್ಲೇ ನಡೆಯಿತು. ನಮ್ಮ ಮಗನಿಗೆ ಗಲ್ಫಿನಲ್ಲಿ ಡ್ರೈವರ್ ಕೆಲಸ ಕೊಡಿಸುವೆನೆಂದು ಪೇಟೆಯ ಏಜೆಂಟನೊಬ್ಬ ಹೇಳಿದ. ಸೊಸೆಯ ಸರ ಅಡವಿಟ್ಟು 50,000 ರೂಪಾಯಿ ಕೊಟ್ಟೆವು. ರಸೀದಿ ಕೇಳಿದಾಗ, "ಏನಣ್ಣ, ನಮ್ಮ ಮೇಲೆ ನಂಬಿಕೆ ಇಲ್ಲವೇ?" ಎಂದ. ನಾಚಿ ಸುಮ್ಮನಾದೆವು. ಪಾಸ್‌ಪೋರ್ಟನ್ನೂ ಅವನೇ ಇಟ್ಟುಕೊಂಡ.

ಹದಿನೈದು ದಿನವೆಂದದ್ದು ಎಂಟು ತಿಂಗಳಾಯಿತು. ಒಮ್ಮೆ ವೀಸಾ ಬರಲಿಲ್ಲವೆಂದ, ಇನ್ನೊಮ್ಮೆ ಕಂಪನಿ ಬದಲಾಯಿತೆಂದ. ಡ್ರೈವರ್ ಕೆಲಸ ಹೋಗಿ ಹೆಲ್ಪರ್ ಕೆಲಸವಾಯಿತು. ಪ್ರತಿ ಸಲ ಪೇಟೆಗೆ ಹೋದಾಗಲೂ ಒಂದು ದಿನದ ಕೂಲಿ ನಷ್ಟ. ಇಂದು ನಾಳೆ ಹೊರಡುತ್ತೇನೆಂದು ಮಗ ಸಿಕ್ಕ ಕೆಲಸಕ್ಕೂ ಸೇರಲಿಲ್ಲ. ಪಾಸ್‌ಪೋರ್ಟ್ ತಿರುಗಿ ಕೇಳಿದರೆ ಇನ್ನೂ ಹಣ ಕಟ್ಟಿರೆಂದ.

ಕೊನೆಗೆ ಯೂನಿಯನ್ನಿನ ಹಿರಿಯರಿಬ್ಬರು ನಮ್ಮೊಂದಿಗೆ ಪೊಲೀಸ್ ಠಾಣೆಗೆ ಬಂದರು. ಪಾಸ್‌ಪೋರ್ಟ್ ಬಂತು, ಅರ್ಧ ಹಣ ಬಂತು. ಉಳಿದ ಅರ್ಧಕ್ಕೆ ರಸೀದಿ ಇಲ್ಲ, ಸಾಕ್ಷಿ ಇಲ್ಲ. ಸರ ಇನ್ನೂ ಅಡವಿನಲ್ಲಿದೆ.

ಅಂದು ತಿಳಿಯದೆ ಕೆಟ್ಟದ್ದನ್ನು ಇಂದು ನಿಮಗೆ ಹೇಳುತ್ತೇವೆ. 1983ರ ವಲಸೆ ಕಾಯ್ದೆಯಂತೆ ಪರದೇಶದ ಕೆಲಸಕ್ಕೆ ಜನ ಕಳುಹಿಸುವ ಏಜೆಂಟನಿಗೆ ಸರ್ಕಾರದ ನೋಂದಣಿ ಇರಲೇಬೇಕು. ಆ ನಂಬರು ಕೇಳಿರಿ. ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಮಕ್ಕಳಿಂದ ನೋಡಿಸಿರಿ. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೆ ರಸೀದಿ ಪಡೆಯಿರಿ. ಪಾಸ್‌ಪೋರ್ಟ್ ಸರ್ಕಾರದ ಸ್ವತ್ತು, ಏಜೆಂಟನ ಅಡವಲ್ಲ. ಕೆಲಸ ಯಾವುದು, ಸಂಬಳ ಎಷ್ಟು ಎಂಬುದು ಬರಹದಲ್ಲಿರಲಿ. ಕೇರಳದಲ್ಲಿ ಒಡೆಪೆಕ್, ತಮಿಳುನಾಡಿನಲ್ಲಿ ಓವರ್‌ಸೀಸ್ ಮ್ಯಾನ್‌ಪವರ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆಗಳೂ ಇವೆ. ಮೊದಲು ಅಲ್ಲಿ ವಿಚಾರಿಸಿರಿ.

ನಮ್ಮನ್ನು ಕೆಡಿಸಿದ್ದು ಏಜೆಂಟನ ಸುಳ್ಳು ಮಾತ್ರವಲ್ಲ, ನಮ್ಮ ನಾಚಿಕೆಯೂ ಹೌದು. ಲೈನಿನವರು ನಗುವರೆಂದು ಎಂಟು ತಿಂಗಳು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟ ದಿನವೇ ಇಬ್ಬರು ಜೊತೆಗೆ ನಡೆದರು. ಆದುದರಿಂದ ಹಣ ಕೊಡುವ ಮೊದಲು ಈ ಕೂಟದಲ್ಲಿ ಒಂದು ಮಾತು ಹೇಳಿರಿ. ಒಬ್ಬರೇ ಹೋಗಬೇಡಿರಿ. ನಾವೂ ಜೊತೆಗೆ ಬರುತ್ತೇವೆ.