ಒಂದೇ ತೊಟ್ಟಿಯಲ್ಲಿ ಜಗಳಗಂಟ ಮೀನುಗಳು



ದನ, ಕುರಿ, ಕೋಳಿ, ಜೇನು, ರೇಷ್ಮೆ ಇವುಗಳ ಸಾಕಣೆಯ ವಿಷಯವನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಈ ದಿನ ನಾನು ಹೇಳಹೊರಟಿರುವುದು ಮನೆಯ ಪಡಸಾಲೆಯಲ್ಲಿಡುವ ಗಾಜಿನ ಮೀನುತೊಟ್ಟಿಯ ವಿಷಯ. "ಇದೇನು, ಒಕ್ಕಲುತನಕ್ಕೂ ಗಾಜಿನ ತೊಟ್ಟಿಗೂ ಎಲ್ಲಿಯ ನಂಟು?" ಎಂದು ಕೆಲವರು ಕೇಳಬಹುದು. ನಂಟು ಉಂಟು. ಈ ಮಾತು ಕೊನೆಗೆ ನಿಮ್ಮ ಊರ ಕೆರೆಯನ್ನೇ ಹೋಗಿ ಮುಟ್ಟುತ್ತದೆ.

ಅರಸೀಕೆರೆ, ಬೇಲೂರು, ಹಳೇಬೀಡು ಕಡೆ ಮಕ್ಕಳ ಆಸೆಗೆಂದು ಬಣ್ಣದ ಮೀನು ತರುವ ಮನೆಗಳು ಈಗ ಹಳ್ಳಿಯಲ್ಲೂ ಇವೆ. ಅಂಥವರು ನನ್ನಂಥ ವಿಸ್ತರಣಾ ಅಧಿಕಾರಿ ಸಿಕ್ಕಾಗ ಹೇಳುವ ದೂರು ಸಾಮಾನ್ಯವಾಗಿ ಒಂದೇ: "ಸ್ವಾಮಿ, ಹತ್ತು ಮೀನು ತಂದ್ವಿ. ಒಂದೊಂದೇ ಸತ್ತು ಈಗ ಒಂದೇ ಉಳಿದೈತೆ. ಏನಾದ್ರೂ ರೋಗ ಬಂತಾ?" ಸತ್ತ ಮೀನನ್ನು ಎತ್ತಿ ನೋಡಿ. ರೆಕ್ಕೆ ಹರಿದು, ಬಾಲ ಚಿಂದಿಯಾಗಿ, ಪಕ್ಕೆಯ ಹುರುಪೆ ಕಿತ್ತುಬಂದಿದ್ದರೆ ಅದು ರೋಗವಲ್ಲ, ಕಾಳಗ. ಉಳಿದಿರುವ ಆ ಒಂದೇ ಕೊಂದದ್ದು.

ಇಂಥ ಜಗಳಗಂಟ ಮೀನುಗಳಲ್ಲಿ ಹೆಚ್ಚಿನವು ಸಿಕ್ಲಿಡ್ ಎಂಬ ಕುಲದವು. ಅಂಗಡಿಯಲ್ಲಿ ನೀವು ನೋಡುವ ಏಂಜಲ್, ಆಸ್ಕರ್, ಫ್ಲವರ್‌ಹಾರ್ನ್, ಆಫ್ರಿಕದ ಮಲಾವಿ ಸರೋವರದ ಹಳದಿ, ನೀಲಿ ಮೀನುಗಳು, ಎಲ್ಲ ಇದೇ ಕುಲ. ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು, ಅಂದರೆ ತಿಲಾಪಿಯ, ಅದೂ ಇವುಗಳ ದಾಯಾದಿಯೇ. ನಮ್ಮ ದೇಶದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ಕೇರಳದವರು ಇಷ್ಟಪಟ್ಟು ತಿನ್ನುವ ಕರಿಮೀನು ಅವುಗಳಲ್ಲೊಂದು; ಇನ್ನೊಂದು ನಮ್ಮ ದಕ್ಷಿಣ ಕನ್ನಡದ ಹೊಳೆಗಳದ್ದು.

ಮೀನಿಗೇಕೆ ಇಷ್ಟು ಸಿಟ್ಟು? ಹಸಿವಿನಿಂದ ಬಂದ ಸಿಟ್ಟಲ್ಲ ಇದು. ಜಮೀನಿನ ವ್ಯಾಜ್ಯ. ಬಹುಪಾಲು ಮೀನುಗಳು ಮೊಟ್ಟೆಯಿಟ್ಟು ಹೊರಟುಬಿಡುತ್ತವೆ. ಸಿಕ್ಲಿಡ್ ಹಾಗಲ್ಲ, ಮೊಟ್ಟೆಯನ್ನೂ ಮರಿಯನ್ನೂ ಕಾಯುತ್ತದೆ. ಕಾಯಬೇಕಾದರೆ ಒಂದಿಷ್ಟು ಜಾಗ ತನ್ನದಾಗಿರಬೇಕು. ಒಂದು ಬಂಡೆಯ ಸಂದು, ಒಂದು ಮೊಳ ಮರಳು, ಅಷ್ಟಾದರೂ ಸರಿಯೆ, ಅದಕ್ಕೆ ಗಂಡು ಮೀನು ಗಡಿ ಹಾಕಿಕೊಂಡು ಕೂರುತ್ತದೆ. ಗಡಿ ದಾಟಿದವನ ಮೇಲೆ ಬೀಳುತ್ತದೆ. ಅದರಲ್ಲೂ ತನ್ನ ಬಣ್ಣ, ತನ್ನ ಆಕಾರವಿರುವವನನ್ನು ಕಂಡರೆ ಇನ್ನಷ್ಟು ರೋಷ. ಬದು ಒತ್ತಿದ ನೆರೆಯವನ ಮೇಲೆ ನಮಗೆ ಬರುವ ಸಿಟ್ಟು ದೂರದೂರಿನವನ ಮೇಲೆ ಬರುವುದುಂಟೆ? ಇದೂ ಹಾಗೆಯೆ.

ಸರೋವರದಲ್ಲಿ ಈ ಜಗಳದಿಂದ ಸಾವು ವಿರಳ. ಸೋತದ್ದು ಓಡಿಹೋಗುತ್ತದೆ, ಗೆದ್ದದ್ದು ತನ್ನ ಎಲ್ಲೆಯವರೆಗೆ ಅಟ್ಟಿ ಹಿಂತಿರುಗುತ್ತದೆ. ಗಾಜಿನ ತೊಟ್ಟಿಯಲ್ಲಿ ಸೋತವನಿಗೆ ಓಡಲು ದಾರಿಯಿಲ್ಲ. ಓಡಿದರೂ ನಾಲ್ಕು ಅಡಿಗೆ ಗೋಡೆ. ಗೆದ್ದದ್ದಕ್ಕೆ ಅದು ಇನ್ನೂ ತನ್ನ ಜಮೀನಿನಲ್ಲೇ ನಿಂತಂತೆ ಕಾಣುತ್ತದೆ, ಮತ್ತೆ ಹೊಡೆಯುತ್ತದೆ. ಆದುದರಿಂದ ಮೀನಿನ ಗುಣ ಕೆಟ್ಟದ್ದೆಂದು ದೂರಿ ಫಲವಿಲ್ಲ. ಸೋತವನಿಗೆ ಮರೆ ಮಾಡಿಕೊಡುವುದು ಸಾಕುವವನ ಕೆಲಸ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಮಿಕ್ಕದ್ದೆಲ್ಲ ತಾನಾಗಿ ತಿಳಿಯುತ್ತದೆ.

ಮೊದಲನೆಯದು, ನೀರಿಗೆ ತಕ್ಕ ಮೀನು. ಅರಸೀಕೆರೆ ಕಡೆಯ ಕೊಳವೆಬಾವಿ ನೀರು ಸಾಮಾನ್ಯವಾಗಿ ಗಡಸು. ಸೋಪು ನೊರೆ ಬರದು, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಕರಟು ಕಟ್ಟುತ್ತದೆ. ನಮಗೆ ಬೇಸರ ತರುವ ಈ ನೀರು ಮಲಾವಿ ಮೀನಿಗೆ ಒಗ್ಗುತ್ತದೆ, ಏಕೆಂದರೆ ಆ ಸರೋವರದ ನೀರಿಗೂ ಕ್ಷಾರಗುಣವಿದೆ. ಅದರ ಪಿಎಚ್ 8ರ ಆಸುಪಾಸು. ಮಲೆನಾಡಿನ ಅಂಚಿನ ಬೇಲೂರಿನ ಕಡೆ, ಮಳೆ ಹೆಚ್ಚಿದ್ದು ನೀರು ಮೆದುವಾಗಿರುವಲ್ಲಿ, ದಕ್ಷಿಣ ಅಮೆರಿಕದ ಹೊಳೆಗಳ ಏಂಜಲ್ ಮೀನು ಸುಖವಾಗಿರುತ್ತದೆ. ಈ ಎರಡನ್ನೂ ಒಂದೇ ತೊಟ್ಟಿಗೆ ಹಾಕಬಾರದು. ನೀರೂ ಬೇರೆ, ಆಹಾರವೂ ಬೇರೆ, ಹೊಡೆದಾಡುವ ರೀತಿಯೂ ಬೇರೆ. ಆಸ್ಕರ್ ಒಂದು ಅಡಿಯವರೆಗೆ ಬೆಳೆಯುತ್ತದೆ. ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುತ್ತದೆ. ಫ್ಲವರ್‌ಹಾರ್ನ್ ಮನುಷ್ಯರೇ ಬೆರಕೆ ಮಾಡಿ ತೆಗೆದ ತಳಿ. ಅದನ್ನು ಒಂಟಿಯಾಗಿ ಸಾಕುವುದೇ ಕ್ಷೇಮ.

ಎರಡನೆಯದು, ಜಾಗ. ಮಲಾವಿ ಮೀನುಗಳ ಗುಂಪಿಗೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಬೇಕು. ಲೆಕ್ಕ ಹಾಕಿದರೆ 9 ಘನ ಅಡಿ, ಹೆಚ್ಚುಕಡಿಮೆ 250 ಲೀಟರ್ ನೀರು. ನೀರೊಂದೇ 250 ಕಿಲೋ ತೂಗುತ್ತದೆ. ಅದರ ಮೇಲೆ ಗಾಜು, ಕಲ್ಲು. ಆದ್ದರಿಂದ ಮರದ ಮೇಜನ್ನು ನಂಬಬೇಡಿ, ಸಮತಟ್ಟಾದ ನೆಲದ ಮೇಲೆ ಕಬ್ಬಿಣದ ಸ್ಟ್ಯಾಂಡು ಮಾಡಿಸಿ.

ಮೂರನೆಯದು, ಮರೆ. ಗಟ್ಟಿ ಕಲ್ಲುಗಳನ್ನು ತೊಳೆದು, ಸಂದು ಗವಿಗಳಾಗುವಂತೆ ಪೇರಿಸಿ. ಕಲ್ಲನ್ನು ಮೊದಲು ತಳದಲ್ಲಿ ಭದ್ರವಾಗಿ ಕೂರಿಸಿ ಆಮೇಲೆ ಮರಳು ಹರವಬೇಕು. ಮರಳಿನ ಮೇಲೆ ಕಲ್ಲಿಟ್ಟರೆ ಮೀನು ಅಡಿಯನ್ನು ತೋಡಿ, ಕಲ್ಲು ಉರುಳಿ ಗಾಜು ಒಡೆದೀತು. ಒಡಕು ಮಡಕೆ, ಕುಡಿಕೆಗಳೂ ಒಳ್ಳೆಯ ಮನೆ. ಹಳೇಬೀಡಿನ ಕಡೆಯವರಿಗೊಂದು ಮಾತು: ಹೊಲ ಉಳುವಾಗ ಸಿಕ್ಕ ಕೆತ್ತನೆಯ ಕಲ್ಲಿನ ಚೂರನ್ನು ಚಂದಕ್ಕೆಂದು ತೊಟ್ಟಿಗೆ ಹಾಕಬೇಡಿ. ಅದು ನಾಡಿನ ಆಸ್ತಿ, ಅಧಿಕಾರಿಗಳಿಗೆ ತಿಳಿಸತಕ್ಕ ವಸ್ತು.

ನಾಲ್ಕನೆಯದು, ಸಂಖ್ಯೆ. ಇದನ್ನು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಮಲಾವಿ ಮೀನುಗಳನ್ನು ಮೂರು ನಾಲ್ಕು ಸಾಕಿದರೆ ಜಗಳ ಹೆಚ್ಚು. ಹದಿನೈದು ಇಪ್ಪತ್ತು ಸಾಕಿದರೆ ಕಡಿಮೆ. ಸಂತೆಯ ಗದ್ದಲದಲ್ಲಿ ಒಬ್ಬನನ್ನೇ ಬೆನ್ನಟ್ಟಲಾಗದಂತೆ, ಪುಂಡ ಮೀನಿನ ಪೆಟ್ಟು ಹತ್ತು ಕಡೆ ಹಂಚಿಹೋಗುತ್ತದೆ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣಿರಲಿ. ಎಲ್ಲವನ್ನೂ ಮರಿಯಾಗಿದ್ದಾಗಲೇ, ಒಟ್ಟಿಗೇ ಬಿಡಿ. ಮೊದಲು ಬಂದವನು ಜಮೀನ್ದಾರನಾಗಿ ಕೂತಮೇಲೆ ತಡವಾಗಿ ಬಂದವನ ಪಾಡು ಕಷ್ಟ. ಹೊಸ ಮೀನು ಸೇರಿಸಲೇಬೇಕಾದರೆ ಕಲ್ಲುಗಳನ್ನೆಲ್ಲ ಕದಲಿಸಿ ಬೇರೆ ರೀತಿ ಜೋಡಿಸಿ, ದೀಪ ಆರಿಸಿದ ಮೇಲೆ ಬಿಡಿ. ಹಳೆಯ ಗಡಿಗಳೆಲ್ಲ ಅಳಿಸಿಹೋಗಿ, ಬೆಳಗಾದರೆ ಎಲ್ಲರಿಗೂ ಹೊಸ ಸರ್ವೆ.

ಆದರೆ ಮೀನು ಹೆಚ್ಚಿದಷ್ಟೂ ಹೊಲಸು ಹೆಚ್ಚು. ಮೀನಿನ ಕಶ್ಮಲದಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ; ಅದು ವಿಷ. ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಹೊಲದ ಮಣ್ಣಿನಲ್ಲೂ ಇದೇ ನಡೆಯುತ್ತದೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೈಮೇಲೆ ಗಾಯವಿಲ್ಲದೆ ಮೀನು ಸತ್ತರೆ ಮೊದಲು ಇದನ್ನೇ ಅನುಮಾನಿಸಿ. ಒಳ್ಳೆಯ ಶೋಧಕ ಇಡಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲೆಂದು ಒಂದು ದಿನ ತೆರೆದಿಟ್ಟು ಬಳಸಿ. ತೆಗೆದ ನೀರನ್ನು ತೆಂಗಿನ ಪಾತಿಗೆ ಸುರಿಯಿರಿ, ಗಿಡಕ್ಕೆ ಗೊಬ್ಬರ. ಡಿಸೆಂಬರ್, ಜನವರಿಯ ಚಳಿಯಲ್ಲಿ ನೀರು 24 ಡಿಗ್ರಿಗಿಂತ ಇಳಿಯದಂತೆ ಕಾಯಿಸುವ ಉಪಕರಣವಿರಲಿ. ನೀರಿಗೆ ಕೈ ಹಾಕುವ ಮುನ್ನ ಅದರ ಸ್ವಿಚ್ ತೆಗೆಯುವುದನ್ನು ಮರೆಯಬೇಡಿ. ಮಲಾವಿಯ ಬಂಡೆ ಮೀನುಗಳು ಪಾಚಿ ಮೇಯುವಂಥವು. ಅವಕ್ಕೆ ಬೇಯಿಸಿದ ಸೊಪ್ಪು, ಬಟಾಣಿ ಕೊಡಿ; ಮಾಂಸ ಕೊಟ್ಟರೆ ಹೊಟ್ಟೆ ಉಬ್ಬಿ ಸಾಯುತ್ತವೆ.

ಇನ್ನು ಜೋಡಿ ಮೀನಿನ ವಿಷಯ. ಒಂದು ಗಂಡು, ಒಂದು ಹೆಣ್ಣು ಮಾತ್ರ ಇದ್ದರೆ ಶಾಂತಿ ಎಂದುಕೊಳ್ಳುತ್ತೀರಿ. ಆಸ್ಟ್ರಿಯದ ವಿಜ್ಞಾನಿ ಕಾನ್ರಾಡ್ ಲೊರೆನ್ಸ್ ಸಿಕ್ಲಿಡ್‌ಗಳನ್ನು ಬಹುಕಾಲ ಸಾಕಿ ನೋಡಿದವರು. 1963ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರೊಂದು ಸಂಗತಿ ಹೇಳಿದ್ದಾರೆ. ಎರಡು ಜೋಡಿಗಳ ನಡುವೆ ಗಾಜಿನ ತಡಿಕೆ ಇಟ್ಟರೆ ಗಂಡುಗಳು ಗಾಜಿನಾಚೆಯ ನೆರೆಯವನ ಮೇಲೆ ಸಿಟ್ಟು ತೀರಿಸಿಕೊಂಡು ಹೆಂಡತಿಯೊಡನೆ ಚೆನ್ನಾಗಿರುತ್ತವೆ. ಗಾಜಿಗೆ ಪಾಚಿ ಕಟ್ಟಿ ನೆರೆಯವನು ಕಾಣದಂತಾದರೆ ಗಂಡು ತನ್ನ ಹೆಣ್ಣನ್ನೇ ಹೊಡೆಯಲು ತೊಡಗುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ. ಜೋಡಿ ಸಾಕುವವರು ಗಾಜಿನ ತಡಿಕೆಯಿಟ್ಟು, ಅದನ್ನು ಆಗಾಗ ಒರೆಸುತ್ತಿರಬೇಕು.

ಇಷ್ಟೆಲ್ಲ ಮಾಡಿದರೂ ಒಂದೊಂದು ಮೀನು ಹೊಂದಿಕೊಳ್ಳದು. ಸೋತದ್ದು ನೀರಿನ ಮೇಲ್ತುದಿಯ ಮೂಲೆಯಲ್ಲಿ ರೆಕ್ಕೆ ಮುದುರಿ ನಿಲ್ಲುತ್ತದೆ, ಮೇವಿಗೂ ಬಾರದು. ಈ ಗುರುತು ಕಂಡ ದಿನವೇ ಅದನ್ನು ಬೇರೆ ಮಾಡಿ. ನಾಳೆ ನೋಡೋಣವೆಂದರೆ ನಾಳೆಗೆ ಅದು ಇರುವುದಿಲ್ಲ. ಪುಂಡನನ್ನೇ ಕೆಲವು ದಿನ ಬೇರೆ ತೊಟ್ಟಿಯಲ್ಲಿಟ್ಟು ಮರಳಿ ತಂದರೆ ಅದರ ಯಜಮಾನಿಕೆ ತಗ್ಗುವುದೂ ಉಂಟು.

ಆಗಲೂ ಬಗ್ಗದಿದ್ದರೆ? ಇಲ್ಲಿಗೆ ನಾನು ಮೊದಲು ಹೇಳಿದ ಕೆರೆಯ ಮಾತು ಬಂತು. "ಪಾಪ, ಕೊಲ್ಲೋದ್ಯಾಕೆ, ಕೆರೆಗೆ ಬಿಟ್ಟುಬಿಡೋಣ, ಬದುಕ್ಕೊಳ್ಳಲಿ" ಅಂತಾರೆ ಜನ. ದಯೆಯಿಂದ ಆಡುವ ಮಾತೇ. ಅದರ ಫಲವನ್ನು ಮಾತ್ರ ಊರೆಲ್ಲ ಉಣ್ಣಬೇಕಾಗುತ್ತದೆ. ಜಿಲೇಬಿ ಮೀನಿನ ಕಥೆಯನ್ನೇ ನೋಡಿ. ಮೊಜಾಂಬಿಕ್ ತಿಲಾಪಿಯವನ್ನು ನಮ್ಮ ದೇಶಕ್ಕೆ ತಂದದ್ದು 1952ರಲ್ಲಿ. ಏನು ಸಿಕ್ಕಿದರೂ ತಿಂದು ಬೆಳೆಯುತ್ತದೆ, ಬಡವರಿಗೆ ಅಗ್ಗದ ಆಹಾರ ಎಂಬ ಒಳ್ಳೆಯ ಉದ್ದೇಶದಿಂದಲೇ ತಂದರು. ಅದರ ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಪಾಡುತ್ತದೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಕೆರೆ ತುಂಬ ಮರಿಯಾಗಿ, ಮೇವು ಸಾಲದೆ, ಅಂಗೈಯಗಲ ದಾಟದೆ ಕುಬ್ಜವಾಗಿ ಉಳಿಯುತ್ತದೆ. ಕೆರೆ ಗುತ್ತಿಗೆ ಹಿಡಿದವರು ಹಣ ಹಾಕಿ ಬಿಟ್ಟ ಕಾಟ್ಲ, ರೋಹು ಮರಿಗಳ ಪಾಲಿನ ಮೇವನ್ನು ಇದು ತಿನ್ನುತ್ತದೆ. ಲೋಕದಲ್ಲಿ ಅತಿ ಹೆಚ್ಚು ಕೆಡುಕು ಮಾಡಿದ ನೂರು ಪರದೇಶಿ ಜೀವಿಗಳ ಪಟ್ಟಿಯಲ್ಲಿ ಇಂದು ಇದರ ಹೆಸರೂ ಇದೆ. ತಿಳಿದವರು ಯೋಚಿಸಿ ತಂದ ಮೀನಿನ ಕಥೆಯೇ ಹೀಗಾದರೆ, ನಾವು ಯೋಚಿಸದೆ ಬಕೆಟ್ಟಿನಿಂದ ಸುರಿದ ಮೀನಿನ ಕಥೆ ಏನಾದೀತು?

ಒಂದು ಊರಿನ ಕೆರೆಗೆ ಬಿಟ್ಟದ್ದು ಆ ಊರಿನಲ್ಲೇ ನಿಲ್ಲುವುದಿಲ್ಲ. ಕೋಡಿ ಬಿದ್ದ ವರ್ಷ ಹಳ್ಳ ಹಿಡಿಯುತ್ತದೆ. ಬೇಲೂರಿನ ಯಗಚಿ ಹೇಮಾವತಿಗೆ, ಹೇಮಾವತಿ ಕಾವೇರಿಗೆ ಸೇರುತ್ತದೆ. ಗಡಿಗಾಗಿ ಕೊಲ್ಲುವ ಮೀನು ನಮ್ಮ ಕುಚ್ಚು, ಗೆಂಡೆಗಳ ನಡುವೆ ನೆಲೆಯೂರಿದರೆ ಅದನ್ನು ಬಲೆ ಹಾಕಿ ಹಿಂದಕ್ಕೆ ಪಡೆಯುವ ಉಪಾಯ ಯಾರ ಬಳಿಯೂ ಇಲ್ಲ. ಹಳೇಬೀಡಿಗೆ ದ್ವಾರಸಮುದ್ರವೆಂಬ ಹಳೆಯ ಹೆಸರು ಬಂದದ್ದೇ ಅದರ ಕೆರೆಯಿಂದ. ನೂರಾರು ವರ್ಷ ನಮ್ಮವರು ಕಾಪಾಡಿದ ಇಂಥ ಕೆರೆಗಳನ್ನು ಪಡಸಾಲೆಯ ಜಗಳಕ್ಕೆ ಬಲಿಕೊಡಬಾರದು.

ಆದುದರಿಂದ ಬೇಡವಾದ ಮೀನನ್ನು ತಂದ ಅಂಗಡಿಗೇ ಹಿಂದಿರುಗಿಸಿ. ಇಲ್ಲವೆ ಸಾಕಬಲ್ಲ ಇನ್ನೊಬ್ಬರಿಗೆ ಕೊಡಿ. ಕೊಂಡುಕೊಳ್ಳುವಾಗಲೇ ಅಂಗಡಿಯವರನ್ನು "ಇದು ಎಷ್ಟುದ್ದ ಬೆಳೀತದೆ? ಯಾರ ಜತೆ ಹೊಂದ್ತದೆ? ಬೇಡ ಅಂದ್ರೆ ವಾಪಸ್ ತಗೋತೀರಾ?" ಎಂದು ಕೇಳಿ. ಈ ಮೂರಕ್ಕೂ ಸರಿಯಾದ ಉತ್ತರ ಬಂದರೆ ಮಾತ್ರ ದುಡ್ಡು ಬಿಚ್ಚಿ. ಮರಿಗಳಿರುವ ತೊಟ್ಟಿಯ ನೀರನ್ನು ಕೆರೆಗೆ ಹರಿಯುವ ಚರಂಡಿಗೆ ಚೆಲ್ಲಬೇಡಿ; ತೆಂಗಿನ ಪಾತಿ ಇದ್ದೇ ಇದೆ.

ನಿಮ್ಮ ತೊಟ್ಟಿಯ ಮೀನುಗಳು ತಮ್ಮ ತಮ್ಮ ಗಡಿಯಲ್ಲಿ ಸುಖವಾಗಿರಲಿ, ಅವುಗಳ ಗಡಿ ಆ ಗಾಜಿನೊಳಗೇ ಮುಗಿಯಲಿ.