ಕಲ್ಲು ಕಾಯುತ್ತೆ, ತೆಂಗು ಕಾಯಲ್ಲ

ಡಿಸೆಂಬರ್ ಬಂತು ಅಂದ್ರೆ ಶಾಲಾ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಪುತ್ತೂರು, ಸುಳ್ಯ, ಕಡಬದ ಮಕ್ಕಳು ಸಂಪಾಜೆ ಘಾಟಿ ಹತ್ತಿ ಮೈಸೂರಿಗೆ ಹೋಗ್ತಾರೆ, ಶಿರಾಡಿ ಹತ್ತಿ ಬೆಂಗಳೂರಿಗೆ ಹೋಗ್ತಾರೆ. ನೋಡುವ ಪಟ್ಟಿಯಲ್ಲಿ ಮೂರು ಕಾಯಂ. ಮೈಸೂರಿನ ಮೃಗಾಲಯ, ಬೆಂಗಳೂರಿನ ಲಾಲ್‌ಬಾಗ್, ಕಸ್ತೂರ ಬಾ ರಸ್ತೆಯ ಕೆಂಪು ಮ್ಯೂಸಿಯಂ. ಹೋಗಲೇಬೇಕು, ನೋಡಲೇಬೇಕು. ಆದರೆ ಇವತ್ತು ನಾನು ಕೇಳಬೇಕು ಅಂದುಕೊಂಡಿರುವ ಪ್ರಶ್ನೆ ಬೇರೆ. ಈ ಮೂರೂ ಜಾಗಗಳಲ್ಲಿ ನಾವು 'ಪರಂಪರೆ' ಅಂತ ಕರೆಯೋದು ಯಾವುದನ್ನು? ಗಾಜಿನ ಮನೆಯನ್ನಾ? ಕಬ್ಬಿಣದ ಗೇಟನ್ನಾ? ಹಳೇ ಕಟ್ಟಡವನ್ನಾ?

ಇತಿಹಾಸ ಸ್ವಲ್ಪ ನೋಡೋಣ. ಲಾಲ್‌ಬಾಗ್ ಶುರುವಾಗಿದ್ದು 1760ರಲ್ಲಿ, ಹೈದರಾಲಿಯ ಕಾಲದಲ್ಲಿ. ಟಿಪ್ಪು ದೂರದೂರದಿಂದ ಗಿಡ ತರಿಸಿದ. ಟಿಪ್ಪು ಹೋದ, ಬ್ರಿಟಿಷರು ಬಂದರು, 1856ರಲ್ಲಿ ಅದು ಸರ್ಕಾರಿ ಸಸ್ಯತೋಟವಾಯಿತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಆಮೇಲೆ ಜರ್ಮನಿಯ ಕ್ರುಂಬಿಗಲ್ ಬಂದ, ಸ್ವಾತಂತ್ರ್ಯ ಬಂತು, ತೋಟಗಾರಿಕೆ ಇಲಾಖೆ ಬಂತು. ದೊರೆಗಳು ಬದಲಾದರು, ಬಾವುಟ ಬದಲಾಯಿತು. ಗಿಡಕ್ಕೆ ನೀರು ಹಾಕುವ ಕೆಲಸ ಮಾತ್ರ ನಿಲ್ಲಲಿಲ್ಲ. ಇವತ್ತು ನಮ್ಮ ಅಡುಗೆಮನೆಯಲ್ಲಿರುವ ಸೀಮೆ ಬದನೆ ಹೀಗೆ ಲಾಲ್‌ಬಾಗ್ ಹಾದಿಯಲ್ಲಿ ಬಂದು ನಮ್ಮದಾದ ತರಕಾರಿ.

ಬೆಂಗಳೂರಿನ ಮ್ಯೂಸಿಯಂ 1865ರದ್ದು. ಅಲ್ಲಿ ಆತಕೂರಿನ ಶಾಸನ ಇದೆ, ಹತ್ತನೇ ಶತಮಾನದ್ದು. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು. ಮೈಸೂರು ಮೃಗಾಲಯ 1892ರದ್ದು, ಹತ್ತನೇ ಚಾಮರಾಜೇಂದ್ರ ಒಡೆಯರ್ ಮಾಡಿಸಿದ್ದು.

ಈಗ ಇನ್ನೊಂದು ವಿಷಯ ಹೇಳ್ತೀನಿ. ಲಾಲ್‌ಬಾಗಿನಲ್ಲೂ ಒಂದು ಕಾಲಕ್ಕೆ ಪ್ರಾಣಿಗಳ ಸಂಗ್ರಹ ಇತ್ತು. ಹುಲಿ ಇತ್ತು. ಜನ ನೋಡೋಕೆ ಬರ್ತಿದ್ದರು. ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲಿ ಅದು ನಿಂತೇ ಹೋಯಿತು. ಇವತ್ತು ಅದರ ಕುರುಹು ಅಂತ ಹುಡುಕಿದರೆ ಹಳೆಯ ಪಾರಿವಾಳದ ಗೂಡಿನಂಥ ಒಂದೆರಡು ಕಟ್ಟಡ ಸಿಗುತ್ತೆ, ಅಷ್ಟೇ. ಕಟ್ಟಡ ಉಳಿಯಿತು, ಜೀವ ಉಳಿಯಲಿಲ್ಲ.

ಪಾಠ ಇಲ್ಲೇ ಇದೆ. ಕಲ್ಲಿನ ಶಾಸನವನ್ನು ಐವತ್ತು ವರ್ಷ ಯಾರೂ ತಿರುಗಿ ನೋಡದಿದ್ದರೂ ಅದು ಕಾಯುತ್ತೆ. ಧೂಳು ಒರೆಸಿದರೆ ಅಕ್ಷರ ಮತ್ತೆ ಕಾಣಿಸುತ್ತೆ. ಜೀವಂತ ಸಂಗ್ರಹಕ್ಕೆ ಆ ಅನುಕೂಲ ಇಲ್ಲ. ಐದು ವರ್ಷ ಕೈಬಿಟ್ಟರೆ ಮುಗೀತು. ಅಲ್ಲಿ ಪರಂಪರೆ ಅಂದ್ರೆ ವಸ್ತುವಲ್ಲ, ನಿಲ್ಲದೆ ನಡೆದುಕೊಂಡು ಬಂದ ಕೆಲಸ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಘಾಟಿ ಹತ್ತುವ ಆ ಬಸ್ಸುಗಳು ಹಿಂದೆ ಬಿಟ್ಟು ಹೋಗುವ ಊರಲ್ಲೇ ಅಂಥದ್ದೊಂದು ತೋಟ ಇದೆ. ಕಡಬ ತಾಲೂಕಿನ ನೆಟ್ಟಣ. ರೈಲಿನಲ್ಲಿ ಕುಕ್ಕೆಗೆ ಬರುವ ಭಕ್ತರು ಇಳಿಯುವ ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರೋದು ಇಲ್ಲೇ. ಅಲ್ಲೇ ಹತ್ತಿರ ಕಿದು. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ನಾವೆಲ್ಲ ಸಿಪಿಸಿಆರ್‌ಐ ಅಂತೀವಲ್ಲ, ಅದರ ಕೇಂದ್ರ. 1972ರಲ್ಲಿ ಶುರುವಾದದ್ದು, ಸುಮಾರು 300 ಎಕರೆ, ಸುತ್ತ ಕಾಡು. 1998ರಿಂದ ಅಲ್ಲಿ ದಕ್ಷಿಣ ಏಷ್ಯಾದ ಅಂತಾರಾಷ್ಟ್ರೀಯ ತೆಂಗು ಜೀನ್ ಬ್ಯಾಂಕ್ ಇದೆ. ಇಂಥವು ಜಗತ್ತಿನಲ್ಲಿ ಐದೇ ಐದು. ಉಳಿದ ನಾಲ್ಕು ಇಂಡೋನೇಷ್ಯಾ, ಪಪುವಾ ನ್ಯೂಗಿನಿ, ಆಫ್ರಿಕಾದ ಐವರಿ ಕೋಸ್ಟ್ ಮತ್ತು ಬ್ರೆಜಿಲ್‌ನಲ್ಲಿವೆ. ಐದನೆಯದು ನಮ್ಮ ನೆಟ್ಟಣದಲ್ಲಿ!

ಬ್ಯಾಂಕ್ ಅಂದ ತಕ್ಷಣ ಲಾಕರ್ ನೆನಪಾಗುತ್ತೆ. ಭತ್ತ, ರಾಗಿಗೆ ಹಾಗೇ ಮಾಡ್ತಾರೆ. ಬೀಜ ಒಣಗಿಸಿ, ಪೊಟ್ಟಣ ಕಟ್ಟಿ, ಮೈನಸ್ ಡಿಗ್ರಿಯ ಚಳಿಯಲ್ಲಿ ಇಡ್ತಾರೆ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಹಿಮದ ಬೆಟ್ಟದೊಳಗೆ 2008ರಿಂದ ಜಗತ್ತಿನ ಬೀಜಗಳ ಇಂಥದೇ ಒಂದು ಉಗ್ರಾಣ ಇದೆ. ಆದರೆ ತೆಂಗಿನಕಾಯಿಯನ್ನು ಹಾಗೆ ಇಡೋಕಾಗಲ್ಲ. ಒಣಗಿಸಿದರೆ ಸಾಯುತ್ತೆ, ಫ್ರೀಜರಿಗೆ ಹಾಕಿದರೆ ಸಾಯುತ್ತೆ, ಮೂಲೆಯಲ್ಲಿಟ್ಟರೆ ಮೊಳಕೆ ಬರುತ್ತೆ. ಕಾಯಿಯೊಳಗಿನ ಭ್ರೂಣವನ್ನು ದ್ರವ ಸಾರಜನಕದಲ್ಲಿ ಇಡುವ ಪ್ರಯೋಗಗಳು ನಡೆದಿವೆ. ಆದರೂ ಇವತ್ತಿಗೂ ತೆಂಗಿನ ತಳಿ ಉಳಿಸುವ ಮುಖ್ಯ ದಾರಿ ಒಂದೇ. ಮರ ಬೆಳೆಸಿ, ಮರವಾಗಿಯೇ ಕಾಪಾಡಬೇಕು.

ಅದೂ ಸುಲಭ ಅಲ್ಲ. ಎತ್ತರದ ತಳಿಗಳಲ್ಲಿ ಒಂದು ಮರದ ಹೂವಿಗೆ ಇನ್ನೊಂದು ಮರದ ಪರಾಗ ಬಂದು ಸೇರುತ್ತೆ. ಪಕ್ಕದಲ್ಲಿ ಬೇರೆ ತಳಿ ಇದ್ದರೆ ಕಾಯಿ ಬೆರಕೆ. ತಳಿ ಶುದ್ಧವಾಗಿ ಬೇಕು ಅಂದ್ರೆ ಮರ ಹತ್ತಬೇಕು, ಹೊಂಬಾಳೆಯ ಗಂಡು ಹೂಗಳನ್ನು ತೆಗೀಬೇಕು, ಚೀಲ ಕಟ್ಟಬೇಕು, ಬೇಕಾದ ಮರದ ಪರಾಗ ತಂದು ಸೇರಿಸಬೇಕು, ಬರೆದಿಡಬೇಕು. ಕಾಯಿ ಬಲಿಯೋಕೆ ಹೆಚ್ಚುಕಡಿಮೆ ಒಂದು ವರ್ಷ. ಅದರಿಂದ ಬಂದ ಸಸಿ ಫಸಲು ಕೊಡೋಕೆ ಇನ್ನೂ ಆರೇಳು ವರ್ಷ. ತಳಿಯ ಗುಣ ಏನು ಅಂತ ಖಾತ್ರಿಯಾಗಿ ಹೇಳೋಕೆ ಅದರ ಮೇಲೂ ವರ್ಷಗಳು ಬೇಕು.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಮೊದಲು ಕಲಿಸೋ ಮಾತು, ಬ್ಯಾಕಪ್ ಇಲ್ಲದ ಡೇಟಾ ನಿಮ್ಮದಲ್ಲ. ಸರ್ವರ್ ಕೆಟ್ಟರೆ ರಾತ್ರೋರಾತ್ರಿ ಇನ್ನೊಂದಕ್ಕೆ ಕಾಪಿ ಮಾಡಬಹುದು. ತೆಂಗಿನ ತೋಟ ಕಾಪಿ ಮಾಡೋಕೆ ಹದಿನೈದು ಇಪ್ಪತ್ತು ವರ್ಷ ಬೇಕು. ಅಲ್ಲೀವರೆಗೆ ಹಳೇ ತೋಟ ನಿಂತಿರಲೇಬೇಕು.

ಇಂಥ ತೋಟದ ಮೇಲೇ ಕೆಲವು ವರ್ಷಗಳ ಹಿಂದೆ ಒಂದು ಪ್ರಶ್ನೆ ಎದ್ದಿತು. ಕಿದುವಿನ ಜಾಗ ಅರಣ್ಯ ಇಲಾಖೆಯದ್ದು, ಗುತ್ತಿಗೆಗೆ ಕೊಟ್ಟದ್ದು. ಗುತ್ತಿಗೆ ಅವಧಿ ಮುಗಿದಿದೆ, ಜಾಗ ಹಿಂದಕ್ಕೆ ಕೊಡಿ ಅನ್ನೋ ಮಾತು ಬಂತು. ಕರಾವಳಿಯ ಕೃಷಿಕರು ಗಾಬರಿಯಾದರು, ವಿರೋಧಿಸಿದರು. ತೋಟ ಉಳಿಯಿತು.

ಅರಣ್ಯ ಇಲಾಖೆಯ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಇರೋದೇ ಕಾಡು ಕೈತಪ್ಪಿ ಹೋಗದಿರಲಿ ಅಂತ. ಪಶ್ಚಿಮ ಘಟ್ಟದ ಬುಡದಲ್ಲಿ ಒಂದೊಂದು ಎಕರೆಗೂ ಬೆಲೆ ಇದೆ. 'ಒಳ್ಳೇ ಕೆಲಸಕ್ಕೆ' ಅಂತ ಹೇಳಿ ಕಾಡು ತಗೊಂಡವರು ಆಮೇಲೆ ಏನು ಮಾಡಿದ್ದಾರೆ ಅನ್ನೋದು ಈ ನಾಡಿಗೆ ಗೊತ್ತಿದೆ. ಹಾಗಾಗಿ ಇಲಾಖೆ ಲೆಕ್ಕ ಕೇಳಿದ್ದು ತಪ್ಪಲ್ಲ. ಆದರೆ ಕಿದು ರೆಸಾರ್ಟ್ ಅಲ್ಲ, ಲೇಔಟ್ ಅಲ್ಲ. ಕಾಡನ್ನು ಯಾವ ಕಾರಣಕ್ಕೆ ಉಳಿಸ್ತೀವೋ, ತಳಿಗಳು ಅಳಿಯದಿರಲಿ ಅಂತ, ಅದೇ ಕಾರಣಕ್ಕೆ ಇರುವ ತೋಟ ಅದು. ಮೇಲಾಗಿ ಆ ಕಾಡಿನ ಬೇಲಿಯೇ ಅದಕ್ಕೆ ರಕ್ಷೆ. ಬೇರೆ ತೋಟಗಳಿಂದ ದೂರ ಇದ್ದಷ್ಟೂ ರೋಗ ಬರುವ ದಾರಿ ಕಡಿಮೆ, ಬೆರಕೆಯೂ ಕಡಿಮೆ.

ಹೊರಗಡೆ ಏನಾಗ್ತಿದೆ ನೋಡಿ. ಪಪುವಾ ನ್ಯೂಗಿನಿಯ ಜೀನ್ ಬ್ಯಾಂಕ್ ಇರೋದು ಮದಾಂಗ್ ಅನ್ನೋ ಕಡೆ. ಅಲ್ಲಿ ಹತ್ತಿರದಲ್ಲೇ ಬೋಗಿಯಾ ಅನ್ನೋ ಮಾರಕ ರೋಗ ಕಾಣಿಸಿಕೊಂಡು, ಸಂಗ್ರಹವನ್ನು ಬೇರೆ ಕಡೆ ಬೆಳೆಸೋಕೆ ಹೆಣಗಬೇಕಾಯಿತು. ಐವರಿ ಕೋಸ್ಟ್‌ನದ್ದು ಅಬಿಜಾನ್ ನಗರದ ಅಂಚಿನಲ್ಲಿದೆ. ನಗರ ಬೆಳೀತಾ ಬೆಳೀತಾ ಭೂಮಿಯ ಮೇಲೆ ಒತ್ತಡ, ಜೊತೆಗೆ ಆ ದೇಶದ ತೆಂಗಿಗೂ ಕೊಲ್ಲುವ ಹಳದಿ ರೋಗ. ಐದರಲ್ಲಿ ಎರಡರ ಕಥೆ ಇದು. ಮೂರನೆಯದನ್ನು ನಾವೇ ಕೈಯಾರೆ ಕಳಕೊಳ್ಳೋದು ಬೇಡ.

'ನಮಗೇನು, ಅದು ವಿಜ್ಞಾನಿಗಳ ತೋಟ' ಅನ್ನೋರಿಗೆ ನಾನು ಸುಳ್ಯ ತೋರಿಸ್ತೀನಿ. ಸಂಪಾಜೆ, ಅರಂತೋಡು, ಮರ್ಕಂಜದ ಅಡಿಕೆ ಕೃಷಿಕರನ್ನು ಕೇಳಿ. ಹಳದಿ ಎಲೆ ರೋಗಕ್ಕೆ ಮದ್ದಿಲ್ಲ. ಅಜ್ಜ ನೆಟ್ಟ ತೋಟ ಕಣ್ಣೆದುರೇ ಹಳದಿಯಾಗಿ, ಇಳುವರಿ ಬಿದ್ದು, ಬೇರೆ ಬೆಳೆ ಹುಡುಕಿದ ಮನೆಗಳು ಎಷ್ಟೋ. ಅಲ್ಲಿ ಉಳಿದಿರುವ ಭರವಸೆ ಏನು ಗೊತ್ತಾ? ಸಾಯುತ್ತಿರುವ ತೋಟದ ನಡುವೆ ಹಸಿರಾಗಿ ನಿಂತ ಒಂದೊಂದು ಮರ. ಅದನ್ನು ಗುರುತಿಸಿ, ಅದರ ಸಂತಾನ ಬೆಳೆಸಿ, ತಡೆಯುವ ಶಕ್ತಿ ಇದೆಯಾ ಅಂತ ನೋಡಬೇಕು. ಅದಕ್ಕೆ ಸುರಕ್ಷಿತ ನೆಲ ಬೇಕು, ವರ್ಷಗಟ್ಟಲೆ ಕಾಯುವ ಸಂಸ್ಥೆ ಬೇಕು. ಕೇರಳದಲ್ಲಿ ತೆಂಗಿನ ಬೇರು ಸೊರಗು ರೋಗದ ಪ್ರದೇಶಕ್ಕೆ 'ಕಲ್ಪರಕ್ಷ' ಅನ್ನೋ ತಳಿ ಬಂದದ್ದು ಹೀಗೇ. ಅದು ಮಲಯಾದಿಂದ ಬಂದ ಹಸಿರು ಗಿಡ್ಡ ತಳಿಯಿಂದ ಆರಿಸಿದ್ದು. ಎಲ್ಲಿಂದಲೋ ತಂದು ಸುಮ್ಮನೆ ಬೆಳೆಸಿಟ್ಟಿದ್ದ ಮರ, ಕಷ್ಟ ಬಂದ ದಿನ ಕೈಹಿಡಿಯಿತು. ಸಂಗ್ರಹ ಇರೋದೇ ಇದಕ್ಕೆ. ನಾಳೆ ಯಾವ ಮರ ಬೇಕಾಗುತ್ತೋ ಇವತ್ತು ಯಾರಿಗೂ ಗೊತ್ತಿರಲ್ಲ, ಹಾಗಾಗಿ ಎಲ್ಲವನ್ನೂ ಉಳಿಸಬೇಕು.

ಪುತ್ತೂರಿನವರಿಗೂ ಒಂದು ಮಾತು. ಮೊಟ್ಟೆತ್ತಡ್ಕದಲ್ಲಿ 1986ರಿಂದ ಗೇರು ಸಂಶೋಧನಾ ಕೇಂದ್ರ ಇದೆ, ಇಡೀ ದೇಶದ ಗೇರು ತಳಿಗಳ ಸಂಗ್ರಹ ಅಲ್ಲಿದೆ. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಮರ ನಮ್ಮ ಗುಡ್ಡದ ಮರವಾದ ಕಥೆ ಅಲ್ಲಿ ಸಾಲುಸಾಲಾಗಿ ನಿಂತಿದೆ. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ನೋಡಿದ್ದಾರೆ?

ನನ್ನ ಒತ್ತಾಯ ಮೂರೇ. ಒಂದು, ಕಿದುವಿನ ಜಾಗದ ವಿಷಯವನ್ನು ರಾಜ್ಯ, ಕೇಂದ್ರ ಎರಡೂ ಕೂತು ಕಾಗದದ ಮೇಲೆ ಶಾಶ್ವತವಾಗಿ ಇತ್ಯರ್ಥ ಮಾಡಲಿ. ತೋಟ ತೋಟವಾಗಿಯೇ ಇರಬೇಕು, ಬೇರೆ ಬಳಕೆಗೆ ಒಂದು ಸೆಂಟ್ಸೂ ಹೋಗಬಾರದು ಅನ್ನೋ ಷರತ್ತು ಹಾಕಲಿ, ಅರಣ್ಯ ಇಲಾಖೆಗೂ ಸಮಾಧಾನ. ಎರಡು, ಅಲ್ಲಿರುವ ತಳಿಗಳ ಇನ್ನೊಂದು ಪ್ರತಿ ಬೇರೆ ನೆಲದಲ್ಲೂ ಬೆಳೆಯಲಿ, ಗಂಡಾಂತರ ಬಂದಾಗ ಅಲ್ಲ, ಈಗಲೇ. ಮೂರು, ಮೂರು ತಾಲೂಕಿನ ಶಾಲೆಗಳು ಪ್ರವಾಸದ ಪಟ್ಟಿಗೆ ಕಿದುವನ್ನೂ ಮೊಟ್ಟೆತ್ತಡ್ಕವನ್ನೂ ಸೇರಿಸಲಿ. ಮೊದಲೇ ಅನುಮತಿ ಕೇಳಿ, ಬೇಕಾದಷ್ಟು ಎಚ್ಚರಿಕೆ ವಹಿಸಿ ಹೋಗಲಿ. ಜನ ನೋಡದ ತೋಟದ ಪರವಾಗಿ ಜನ ಮಾತಾಡಲ್ಲ.

ಮುಂದಿನ ಸಲ ನಿಮ್ಮ ಶಾಸಕರೋ ಸಂಸದರೋ ಊರಿಗೆ ಬಂದಾಗ ರಸ್ತೆ ಕೇಳಿ, ಸೇತುವೆ ಕೇಳಿ, ಅದರ ಜೊತೆ ಇದನ್ನೂ ಕೇಳಿ. 'ಕಿದುವಿನ ಕಾಗದ ಎಲ್ಲಿಗೆ ಬಂತು ಸ್ವಾಮೀ?' ರಸ್ತೆ ಒಂದು ವರ್ಷ ತಡವಾದರೆ ಮುಂದಿನ ವರ್ಷ ಆಗುತ್ತೆ. ಕಡಿದ ತೆಂಗು ಮತ್ತೆ ಅದೇ ತಳಿಯಾಗಿ ಎದ್ದು ನಿಲ್ಲಲ್ಲ.