ತೊಗರಿಯ ಸಾಲು, ಟ್ರ್ಯಾಕ್ಟರಿನ ಮುಂದಿನ ತೋಳು



ನಾನು ಬೇಸಾಯಶಾಸ್ತ್ರ ಕಲಿಸುವವನು. ವೆಲ್ಡಿಂಗಿನ ಮಾತು ಇವರಿಗೇಕೆ ಎಂದು ತಾವು ನಗಬಹುದು. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಭಾಗದಲ್ಲಿ ತೊಗರಿ ಹೊಲ ನೋಡಲು ಹೋದಾಗಲೆಲ್ಲ, ಕಾಯಿಕೊರಕದ ಮಾತು ಮುಗಿದ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸಾಹೇಬ್ರ, ಎಡಿ ಹೊಡಿವಾಗ ಮುಂದಿನ ಗಾಲಿ ಸಾಲಿನ ಮ್ಯಾಲೆ ಹೋಗ್ತದ, ಆಕ್ಸಲ್ ತೋಳು ಉದ್ದ ಮಾಡಿಸಬೇಕಂತೀನಿ, ಮಾಡಿಸಲೇನ್ರಿ?"

ಈ ಪ್ರಶ್ನೆಯ ಹಿಂದೆ ಕಷ್ಟವಿದೆ. ಎತ್ತುಗಳು ಕಡಿಮೆಯಾಗಿವೆ, ಆಳು ಸಿಗುವುದಿಲ್ಲ. ತೊಗರಿಯಾದರೋ ಮೊದಲ ಒಂದೂವರೆ ತಿಂಗಳು ಬಹಳ ನಿಧಾನವಾಗಿ ಬೆಳೆಯುವ ಬೆಳೆ. ಆ ಹೊತ್ತಿನಲ್ಲಿ ಕಳೆ ಅದನ್ನು ಮೀರಿಸಿಬಿಡುತ್ತದೆ. ಗಿಡ ಮೊಣಕಾಲೆತ್ತರಕ್ಕೆ ಬರುವ ತನಕ ಮಾತ್ರ ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಸುರಕ್ಷಿತವಾಗಿ ಹಾಯುತ್ತದೆ. ಆದ್ದರಿಂದ ಎಡೆ ಹೊಡೆಯಲು ಸಿಗುವುದು ಕೆಲವೇ ವಾರಗಳು. ಅದರಲ್ಲಿ ಮಳೆ ಬಿದ್ದು ಎರೆ ನೆಲ ಅಂಟಾದ ದಿನಗಳನ್ನು ಕಳೆಯಿರಿ.

ಮೊದಲು ಲೆಕ್ಕ ನೋಡೋಣ. ಒಂದು ಸಾಲನ್ನು ಹೊಟ್ಟೆಯಡಿ ಬಿಟ್ಟು ಓಡಿಸಿದರೆ ಗಾಲಿಯಿಂದ ಗಾಲಿಗೆ ಇರಬೇಕಾದ ಅಂತರ, ಸಾಲಿನ ಅಂತರದಷ್ಟೇ. ಎರಡು ಸಾಲು ಬಿಟ್ಟರೆ ಅದರ ಎರಡು ಪಟ್ಟು. 90 ಸೆಂ.ಮೀ. ಸಾಲಿಗೆ ಒಂದು ಸಾಲು ಬಿಟ್ಟು ಓಡಿಸಲು ಟ್ರ್ಯಾಕ್ಟರು ಅಷ್ಟು ಇಕ್ಕಟ್ಟಾಗುವುದಿಲ್ಲ. ಎರಡು ಸಾಲು ಬಿಡಬೇಕು, ಅಂದರೆ 180 ಸೆಂ.ಮೀ. ಬೇಕು. ಹಿಂದಿನ ಟಯರಿನ ಅಗಲ 13.6 ಇಂಚು, ಹೆಚ್ಚುಕಡಿಮೆ 35 ಸೆಂ.ಮೀ. ಗಾಲಿಗಳ ಅಂತರ 130 ಇದ್ದರೆ ಆ ಟಯರಿನ ಒಳ ಅಂಚು ಸಾಲಿಗೆ ತೀರ ಒತ್ತಿಕೊಂಡೇ ಹೋಗುತ್ತದೆ. ಹಿಂದಿನ ಗಾಲಿಯ ರಿಮ್ಮನ್ನೂ ಡಿಸ್ಕನ್ನೂ ಮಗುಚಿ ಹಾಕಿ ಅಗಲ ಮಾಡಿಕೊಳ್ಳುವುದು ನಮ್ಮ ರೈತರಿಗೆ ಗೊತ್ತು. ಮುಂದಿನದು ಹಿಂದೆ ಬೀಳುತ್ತದೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಚಿತ್ತಾಪುರ ಕಡೆಯ ಒಬ್ಬ ರೈತರಿಗೆ ಹಿಂದಿನ ಗಾಲಿಯನ್ನು 180ಕ್ಕೆ ಸರಿಸಿಕೊಳ್ಳಲು ಹೇಳಿ ಬಂದೆ. ಮುಂದಿನದರ ಅಳತೆ ನೋಡಲಿಲ್ಲ. ಅದು 130ರಲ್ಲೇ ಉಳಿದಿತ್ತು. ಹೆಂಟೆಗೆ ಬಡಿದು ಸ್ಟೀಯರಿಂಗು ಸ್ವಲ್ಪ ಹೊರಳಿದರೂ ಗಾಲಿ ಗಿಡ ಹಾಯುತ್ತಿತ್ತು. ಎರಡರ ಬದಲು ನಾಲ್ಕು ಜಾಡು ಬಿದ್ದು ಎರೆ ನೆಲ ಗಟ್ಟಿಯಾಯಿತು. ಅವರು ನನ್ನನ್ನು ಕೇಳದೆ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ತೋಳನ್ನು ನಡುವೆ ಕತ್ತರಿಸಿ, ಲಾರಿಯ ಪಾಟಾ ತುಂಡು ಸೇರಿಸಿ, ಬದಿಗೆ 25 ಸೆಂ.ಮೀ.ನಂತೆ ಉದ್ದ ಮಾಡಿಸಿದರು. ಬೆಸುಗೆ ಕೆಂಪಗಿರುವಾಗಲೇ ನೀರು ಹೊಯ್ದು ಆರಿಸಿದ್ದರು. ಮರು ಮುಂಗಾರಿನಲ್ಲಿ ಒಡ್ಡು ಇಳಿಯುವಾಗ ತೋಳು ಮುರಿದು ಮೂತಿ ನೆಲಕ್ಕೆ ಬಿತ್ತು. ಹೊಲದಲ್ಲಿ ಆದದ್ದರಿಂದ ಜೀವ ಉಳಿಯಿತು. ವಾಡಿ ರಸ್ತೆಯಲ್ಲಿ, ಸಿಮೆಂಟು ಲಾರಿಗಳ ನಡುವೆ ಆಗಿದ್ದರೆ?

ಮುರಿದದ್ದು ಏಕೆಂದು ತಿಳಿಯಲು ಮಗ್ಗಿ ಬಂದರೆ ಸಾಕು. ಟ್ರ್ಯಾಕ್ಟರಿನ ಮುಂಭಾಗದಲ್ಲಿ 700 ಕಿಲೋ ಭಾರವಿದೆ ಎಂದಿಟ್ಟುಕೊಳ್ಳಿ, ಗಾಲಿಗೆ 350. ನಡುವಿನ ಪಿನ್ನಿನಿಂದ ಗಾಲಿಗೆ 65 ಸೆಂ.ಮೀ. ಇದ್ದದ್ದು 90 ಆದರೆ ತೋಳನ್ನು ಬಗ್ಗಿಸುವ ಒತ್ತಡ ಶೇಕಡಾ 38ರಷ್ಟು ಏರುತ್ತದೆ. ಇದು ನಿಂತ ಟ್ರ್ಯಾಕ್ಟರಿನ ಲೆಕ್ಕ. ಟ್ರ್ಯಾಕ್ಟರಿನ ಮುಂಭಾಗಕ್ಕೆ ಜೀಪಿನ ಹಾಗೆ ಸ್ಪ್ರಿಂಗುಗಳಿರುವುದಿಲ್ಲ. ಶಹಾಬಾದ ಕಡೆಯಂತೆ ಮಣ್ಣಿನಡಿ ಪರಸಿ ಕಲ್ಲು ಮೇಲೆದ್ದ ಹೊಲದಲ್ಲಿ ಗಾಲಿ ಬಡಿದರೆ ಪೆಟ್ಟೆಲ್ಲ ತೋಳಿಗೇ. ಆ ಪೆಟ್ಟಿನಲ್ಲಿ ತೋಳಿನ ಕೆಳಮೈ ಹಿಗ್ಗುತ್ತದೆ. ಆ ಕೆಳಮೈಯಲ್ಲಿ, ನಡುಭಾಗದಲ್ಲಿ, ಅಡ್ಡಲಾಗಿ ಬೆಸುಗೆ ಹಾಕಿದ್ದರು. ಪಾಟಾ ಉಕ್ಕಿನಲ್ಲಿ ಇಂಗಾಲ ಹೆಚ್ಚು. ಬೆಸುಗೆಯ ಪಕ್ಕದಲ್ಲಿ ಅದು ಗಾಜಿನಂತಾಗುತ್ತದೆ. ನೀರು ಹೊಯ್ದರೆ ಇನ್ನಷ್ಟು. ಪಾಟಾ ಕುಂಟೆಯ ಕುಡಕ್ಕೆ ಒಳ್ಳೆಯದು, ತೋಳಿಗಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ ಕಾಸು ಖರ್ಚಿಲ್ಲದ್ದು. ಗಾಲಿ ಸರಿಸುವ ಮುಂಚೆ ಕೂರಿಗೆಯ ತಾಳು ಸರಿಸಿರಿ. 120 ಸೆಂ.ಮೀ. ಸಾಲು ಬಿತ್ತಿ, ಒಂದೇ ಸಾಲನ್ನು ಹೊಟ್ಟೆಯಡಿ ಬಿಟ್ಟು ಓಡಿಸಿದರೆ, 135 ಅಂತರದ ಗಾಲಿಗೂ ಪಕ್ಕದ ಸಾಲಿಗೂ ನಡುವೆ 35 ಸೆಂ.ಮೀ. ಉಳಿಯುತ್ತದೆ. ತೋಳು ಮುಟ್ಟಬೇಕಾಗಿಲ್ಲ. ತೊಗರಿ ಕೊಂಬೆಯೊಡೆದು ಜಾಗ ತುಂಬಿಕೊಳ್ಳುವ ಗಿಡ. ನಡುವೆ ಹೆಸರು, ಉದ್ದು ಹಾಕುವವರಿಗೆ ಮಾತ್ರ ಇದು ಒಗ್ಗುವುದಿಲ್ಲ; ಗಾಲಿಯ ಜಾಡೇ ಅವರ ಅಕ್ಕಡಿ ಸಾಲು.

90ರ ಸಾಲೇ ಬೇಕೆನ್ನುವವರು ಆಕ್ಸಲ್ಲಿನ ರಂಧ್ರಗಳನ್ನು ನೋಡಿರಿ. ಬಹಳ ಟ್ರ್ಯಾಕ್ಟರುಗಳಲ್ಲಿ ತೋಳು ಎಳೆದು ಮುಂದಿನ ರಂಧ್ರಕ್ಕೆ ಬೋಲ್ಟು ಹಾಕುವ ವ್ಯವಸ್ಥೆ ಇದೆ. ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ, ಅಷ್ಟೆ. ಡೀಸೆಲ್ ಸುರಿದು ರಾತ್ರಿ ಬಿಟ್ಟು, ಕಟ್ಟಿಗೆಯ ಕೊಡತಿಯಿಂದ ಬಡಿದರೆ ಬಿಡುತ್ತದೆ. ಎರಡು ಬೋಲ್ಟುಗಳೂ ಎರಡೂ ಕೊಳವೆಗಳನ್ನು ಹಾದು ಹೋಗಬೇಕು. ಒಂದೇ ಬೋಲ್ಟಿನ ಮೇಲೆ ನಿಲ್ಲಿಸಬಾರದು. ಟೈ ರಾಡನ್ನೂ ಅಷ್ಟೇ ಉದ್ದ ಮಾಡಿ, ಗಾಲಿಗಳ ಮುಂದಿನ ಮತ್ತು ಹಿಂದಿನ ಅಂಚಿನ ಅಂತರವನ್ನು ಟ್ರ್ಯಾಕ್ಟರಿನ ಪುಸ್ತಕದಲ್ಲಿ ಹೇಳಿದಂತೆ ಕೂಡಿಸಿರಿ.

ಹಳೆಯ ಟ್ರ್ಯಾಕ್ಟರು, ರಂಧ್ರ ಸಾಲದು, ಕಂಪನಿಯ ತೋಳಿನ ಬೆಲೆ ಕೈಗೆಟುಕದು ಎಂದಾದರೆ ಮಾಡಿಸುವುದು ಬಂತು. ನಮ್ಮಲ್ಲಿ ಕೈಗಾರಿಕೆ ಹೊಸದಲ್ಲ. ಶಹಾಬಾದ ಬಾಯ್ಲರು ಮಾಡಿದ ಊರು. ಒಳ್ಳೆಯ ಕೆಲಸಗಾರನನ್ನು ಹುಡುಕಿ, ನಾಲ್ಕು ಮಾತು ಖಂಡಿತವಾಗಿ ಹೇಳಿರಿ. ಹಳೆಯ ತೋಳನ್ನು ಕತ್ತರಿಸಬೇಡ. ಅದೇ ನಮೂನೆ, ಅದರ ಕೋನ ನೋಡಿಯೇ ಹೊಸದಾಗಬೇಕು. ಚೌಕ ಕೊಳವೆ ಪೂರ್ತಿ ಉದ್ದಕ್ಕೆ ಒಂದೇ ತುಂಡಿನದಿರಲಿ. ಉದ್ದ ಹೆಚ್ಚಿದ್ದರಿಂದ ಗೋಡೆ ಹಳೆಯದಕ್ಕಿಂತ ದಪ್ಪವಿರಲಿ. ಕಿಂಗ್‌ಪಿನ್ನಿನ ಮನೆಯನ್ನು ಲೇಥಿನಲ್ಲಿ ಕೊರೆಸಿ, ಬೆಸುಗೆಯನ್ನು ಗಾಲಿಯ ತುದಿಯಲ್ಲೇ ಹಾಕು. ಬಗ್ಗುವ ಒತ್ತಡ ಅಲ್ಲಿ ಕಡಿಮೆ. ರಂಧ್ರ ಗ್ಯಾಸಿನಿಂದ ಸುಡಬೇಡ, ಡ್ರಿಲ್ಲು ಹಾಕು. ರಾಡು 7018 ಇರಲಿ, ಒಲೆಯಲ್ಲಿ ಒಣಗಿಸಿದ್ದಿರಲಿ. ಮಳೆಗಾಲದ ತೇವ ಕುಡಿದ ರಾಡಿನ ಬೆಸುಗೆ ಒಳಗೇ ಬಿರಿಯುತ್ತದೆ. ಆಮೇಲೆ ಬೂದಿಯಲ್ಲಿ ಹೂತು ತಾನಾಗಿ ಆರಲು ಬಿಡಬೇಕು.

ಗುಜರಿ ಕಬ್ಬಿಣ ಅಗ್ಗ, ನಿಜ. ಆದರೆ ಅದು ಯಾವ ಉಕ್ಕೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಸಾಣೆಗಲ್ಲಿಗೆ ಹಿಡಿದು ನೋಡಿರಿ: ಮೆದು ಉಕ್ಕಿನ ಕಿಡಿ ಉದ್ದವಾಗಿ ನೇರ ಹಾರುತ್ತದೆ, ಇಂಗಾಲ ಹೆಚ್ಚಿದ್ದರೆ ಹೂಬಾಣದಂತೆ ಒಡೆಯುತ್ತದೆ. ಒಡೆಯುವ ಕಿಡಿಯದನ್ನು ಬಿಟ್ಟುಬಿಡಿ.

ಸ್ಪಿಂಡಲ್, ಕಿಂಗ್‌ಪಿನ್, ಸ್ಟೀಯರಿಂಗ್ ತೋಳು, ಟೈ ರಾಡು ಇವುಗಳನ್ನು ಮಾತ್ರ ಯಾರು ಹೇಳಿದರೂ ಬೆಸೆಸಬೇಡಿ. ಹೊಸದು ಕೊಳ್ಳಿರಿ. ಉಳಿತಾಯ ಮಾಡುವ ಜಾಗ ಅದಲ್ಲ. ಇನ್ನೊಂದು: 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನವನ್ನು ತಯಾರಕರು ಕೊಟ್ಟ ರೂಪದಿಂದ ಬದಲಿಸುವುದಕ್ಕೆ ತಡೆ ಹಾಕುತ್ತದೆ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೂ ಅದನ್ನೇ. ಆದ್ದರಿಂದ ಮನೆ ತೋಳು ಹೊಲಕ್ಕೆ ಮಾತ್ರ. ಟ್ರೇಲರು ಕಟ್ಟಿ ಮಂದಿ ಕೂಡಿಸಿ ಜಾತ್ರೆಗೆ ಹೋಗುವ ದಿನ ಹಳೆಯ ತೋಳು ಹಾಕಿರಿ; ಅದಕ್ಕೇ ಅದನ್ನು ಕತ್ತರಿಸಬೇಡಿ ಎಂದದ್ದು.

ತೋಳು ಹಾಕಿದ ಮೇಲೆ ಹಂಗಾಮಿಗೊಮ್ಮೆ ಬಿಚ್ಚಿ ನೋಡಬೇಕು. ಬೆಸುಗೆಯನ್ನು ಉಜ್ಜಿ, ಡೀಸೆಲ್ಲಿನಲ್ಲಿ ಅರ್ಧ ಗಂಟೆ ನೆನೆಸಿ, ಒಣ ಅರಿವೆಯಿಂದ ಚೆನ್ನಾಗಿ ಒರೆಸಿ, ಮೇಲೆ ತೆಳುವಾಗಿ ಸುಣ್ಣ ಬಳಿದು ಆರಲು ಬಿಡಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಸುಣ್ಣಕ್ಕೆ ಹತ್ತಿ ಕೂದಲೆಳೆಯಂಥ ಗೆರೆ ಮೂಡುತ್ತದೆ. ಗೆರೆ ಕಂಡ ತೋಳಿನ ಮೇಲೆ ಮತ್ತೆ ಬೆಸುಗೆ ಬೇಡ, ಅದನ್ನು ಗುಜರಿಗೆ ಹಾಕಿರಿ.